ಚಾಚಾನ ಪಿನ್‌ಬಾಲ್ ಮಷಿನ್ನಿನ ಬಲ್ಬು

ಖರೇ ಹೇಳ್ತೀನಿ, ಇಂಥಾ ಸುದ್ದಿ ಯಾರರ ಹೇಳಿದ್ರ ನಗೋರಾಗ ನಾನ ಮೊದಲನೆಯವ. ಮೂರು ದಾರಿ ಕೂಡೋ ಕಡೆ ಇಟ್ಟ ನಿಂಬೆಹಣ್ಣು ದಾಟಬ್ಯಾಡ ಅಂತ ನಮ್ಮವ್ವ ಅಂದ್ರ, ಅದನ್ನ ಮನಿಗೆ ತಂದು ಶರಬತ್ತು ಮಾಡ್ಕೊಂಡು ಕುಡದ ಮಗ ನಾನು. ಹಿಂಗಾಗಿ ಇದನ್ನ ಓದಿ ನೀವು ನಕ್ರ ನನಗ ಸಿಟ್ಟಿಲ್ಲ. ಆದ್ರ ಪೂರ್ತಿ ಓದಿ ನಗ್ರಿ.

ಸಿಂಧನೂರಾಗ ನಂದೊಂದು ಮೊಬೈಲ್ ರಿಪೇರಿ ಅಂಗಡಿ ಐತಿ. ನಾ ಬಿಚ್ಚಿದ ಮೊಬೈಲ್ ಹೊಳ್ಳಿ ಕೂಡ್ಸಿದ ಮ್ಯಾಲ ಯಾವಾಗ್ಲೂ ಒಂದೆರಡು ಸ್ಕ್ರೂ ಉಳೀತಾವ. ಗಿರಾಕಿ ಕೇಳಿದ್ರ "ಹಗುರ ಮಾಡೀನ್ರಿ" ಅಂತೀನಿ. ಇಂಥಾ ಉಸ್ತಾದ್‌ನ್ನ ಮಸ್ಕಿಯಿಂದ ಚಾಚಿ ಫೋನ್ ಮಾಡಿ ಕರೆಸಿದ್ಲು.

ಅಕಿ ಗಂಡ, ಅಂದ್ರ ನಮ್ಮ ಚಾಚಾ, ನಮ್ಮಪ್ಪನ ಜಿಗರಿ ದೋಸ್ತ. ಮಸ್ಕಿಯಾಗ ಚಹಾದ ಹೋಟೆಲ್ ಇಟ್ಟಿದ್ದ. ಮಂದಿ ಚಹಾ ಕುಡದು ಲಗೂನ ಎದ್ದು ಹೋಗಬಾರ್ದಂತ ಹೈದರಾಬಾದಿನಿಂದ ಒಂದು ಹಳೇ ಪಿನ್‌ಬಾಲ್ ಮಷಿನ್ ತಂದು ಮೂಲ್ಯಾಗ ನಿಲ್ಲಿಸಿದ್ದ. ಸ್ಪ್ರಿಂಗ್ ಎಳದು ಉಕ್ಕಿನ ಗುಂಡು ಬಿಟ್ರ ಅದು ಅಲ್ಲಿ ಇಲ್ಲಿ ಬಡದು ಗಂಟಿ ಬಾರಿಸ್ತಿತ್ತು, ಬಣ್ಣದ ಲೈಟ್ ಹತ್ತಿಸ್ತಿತ್ತು. ಮಷಿನ್ನಿನ ನೆತ್ತಿ ಮ್ಯಾಲಿನ ಚಿತ್ರದ ಗಾಜು ಒಡದಾಗ ಚಾಚಾ ಹೊಸಾ ಗಾಜಿನ ಮ್ಯಾಲ ತಾನ ಚಿತ್ರ ಬರದ: ಹಿಂದ ಮಸ್ಕಿ ಗುಡ್ಡ, ಮುಂದ ಬೈಕಿನ ಮ್ಯಾಲ ತಾನು, ಅವನ ಬೆನ್ನಿಗೆ ಹೊಸಾ ಮದುವಣಗಿತ್ತಿ ಚಾಚಿ. ಅವರ ನಿಕಾಹದ ಒಂದು ಫೋಟೋನೂ ಇಲ್ಲ. ಹರೇದ ಚಾಚಿ ಉಳದಿದ್ದು ಆ ಗಾಜಿನ್ಯಾಗ ಅಷ್ಟ.

ಚಾಚಾ ತೀರ್ಕೊಂಡ ಮ್ಯಾಲ ಹೋಟೆಲ್ ಮುಚ್ಚಿತ್ತು. ಈಗ ಚಾಚಿ ಮತ್ತ ತೆಗಿಯಾಕತ್ತಿದ್ಲು.

"ಬಲ್ಬ್ ಎಲ್ಲಾ ಹೋಗ್ಯಾವ ಬೇಟಾ. ಹೋಟೆಲ್ ತೆಗಿಯೋ ದಿನ ಅವರ ಮಷಿನ್ ಹತ್ತಬೇಕು. ಗಾಜಿಗೆ ಏನರ ಮಾಡಿದಿ ಅಂದ್ರ ಕೈ ಮುರೀತೀನಿ ನೋಡು."

ಮೊದಲು ಗಾಜಿನ ಹಿಂದ ಎಲ್‌ಇಡಿ ಹಾಕಿದೆ. ಚಿತ್ರದಾಗಿನ ಮುಖ ಎಲ್ಲಾ ಹೆಣದಂಗ ನೀಲಿ ಕಂಡ್ವು. ಚಾಚಿ ನೋಡಿ, "ಏನಲೇ, ನನ್ನ ಮಯ್ಯತ್ ಈಗ್ಲೇ ಎತ್ತತೀಯೇನು?" ಅಂದ್ಲು.

ಆಮ್ಯಾಲ ಲಿಂಗಸುಗೂರಿಗೆ ಹೋಗಿ ಒಂದು ಬೈಕ್ ಸ್ಪೇರ್ ಅಂಗಡಿ ಹೊಕ್ಕೆ. "ಯಾವ ಗಾಡಿಗ್ರೀ?" ಅಂದ ಅಂಗಡಿಯವ. "ಗಾಲಿ ಇಲ್ಲದ ಗಾಡಿಗೆ. ಇರೋದ್ರಾಗ ಜೋರ್‌ದಾರ್ ಬಲ್ಬ್ ಕೊಡ್ರಿ" ಅಂದೆ. ಹೋಲ್ಡರಿನ್ಯಾಗ ಕುಂತ್ರ ಸಾಕು, ಬಲ್ಬ್ ಸರಿ ಐತಿ ಅನ್ನೋದು ನನ್ನ ವಿಜ್ಞಾನ. ಎಲ್ಲಾ ಕುಂತ್ವು. ಚಿತ್ರದಾಗಿನ ಚಾಚಿ ಮುಖದ ಹಿಂದಿನ ಒಂದು ಹಳೇ ಬಲ್ಬ್ ಮಾತ್ರ ಜಂಗ್ ಹಿಡದು ಜಪ್ಪಯ್ಯ ಅಂದ್ರೂ ಬರಲಿಲ್ಲ. ಇರ್ಲಿ ಅಂತ ಬಿಟ್ಟೆ.

ಬೆಳಕು ಚಂದ ಕಾಣ್ಲಿ ಅಂತ ಮಧ್ಯಾಹ್ನನ ಶಟರ್ ಇಳಿಸಿ, ಮಷಿನ್ನಿನ ಹಿಂದ ನಿಂತು ಸ್ವಿಚ್ ಹಾಕಿದೆ. ಒಳಗ ಸೂರ್ಯ ಹುಟ್ಟಿದಂಗಾತು! ನಾ ಒಬ್ಬನ ಕುಣದೆ. ಸ್ವಲ್ಪ ಹೊತ್ತಿಗೆ ಕರೆಂಟ್ ಹೋತು. ಹೊಳ್ಳಿ ಬರಬೇಕಾದ್ರ ಜೋರು ಬಂದೀತಂತ ಪ್ಲಗ್ ಕಿತ್ತು ಕೈಯಾಗ ಹಿಡ್ಕೊಂಡೆ.

ಆ ಕತ್ತಲದಾಗ ಜಂಗ್ ಹಿಡದ ಬಲ್ಬ್ ಹತ್ತಿತು. ಮೆಲ್ಲಕ, ಎಣ್ಣಿ ದೀಪದಂಗ. ಅದರ ಬೆಳಕಿನ್ಯಾಗ ಕಂಡಿತು: ನನ್ನ ಜೋರ್‌ದಾರ್ ಬಲ್ಬಿನ ಕಾವಿಗೆ ಚಿತ್ರದ ಬಣ್ಣ ಚಾಚಿ ಕಣ್ಣಿನ ಕೆಳಗ ಹಪ್ಪಳದಂಗ ಉಬ್ಬಾಕತ್ತಿತ್ತು.

ನಾ ಬಲ್ಬ್ ನೋಡಿದೆ, ಕೈಯಾಗಿನ ಪ್ಲಗ್ ನೋಡಿದೆ, ಮತ್ತ ಬಲ್ಬ್ ನೋಡಿದೆ. ಹಿಂದಿನ ಬಾಗಿಲಿಂದ ಚಹಾ ತಂದ ಚಾಚಿ ಒದರಿದ್ಲು:

"ಏನ್ ನೋಡ್ಕೊಂತ ನಿಂತೀಯಲೇ? ಅವರು ಬೆಳಕು ಹಿಡದಾರ, ಲಗೂನ ಬಲ್ಬ್ ತೆಗಿ!"

ತೆಗದೆ. ಬೆರಳು ಸುಟ್ಟ ಬದನಿಕಾಯಿ ಆದ್ವು. ಕಡೇ ಬಲ್ಬ್ ಹೊರಗ ಬಂದ ಕೂಡ್ಲೇ ಆ ಹಳೇದು ಆರಿತು. ಕರೆಂಟ್ ಇನ್ನೂ ಬಂದಿರಲಿಲ್ಲ.

ಈಗ ಮುಟ್ಟಿದ್ರ ಅದು ಹೂವಿನಂಗ ಕೈಗೆ ಬಂತು. ಶಟರ್ ಎತ್ತಿ ನೋಡಿದೆ. ಒಳಗಿನ ತಂತಿ ಕಡದು ತುಂಡು ಬಿದ್ದಿತ್ತು, ಅಲುಗಾಡಿಸಿದ್ರ ಕಿಣಿಕಿಣಿ ಅಂತಿತ್ತು. ಅದನ್ನ ಸಿಂಧನೂರಿಗೆ ತಂದು ಒಬ್ಬ ಹಳೇ ರೇಡಿಯೋ ರಿಪೇರಿಯವನಿಗೆ ತೋರಿಸಿದೆ. ಆರು ವೋಲ್ಟಿಂದು, ರೇಡಿಯೋದಾಗ ಸ್ಟೇಷನ್ನಿನ ಮುಳ್ಳು ಕಾಣಾಕ ಹಾಕ್ತಿದ್ದ ಬಲ್ಬ್; ಬೆಳಕೂ ಸಣ್ಣದು, ಕಾವೂ ಸಣ್ಣದು. ಅಂಥಾವು ಅವನ ಹತ್ರ ಇದ್ವು.

ಅವನ್ನ ಹಾಕಿದ ಮ್ಯಾಲ ಚಿತ್ರ ಸಂಜಿ ಬಿಸಲಿನಂಗ ಬೆಳಗಿತು. ಉಬ್ಬಿದ ಬಣ್ಣ ಕುಂತಿತ್ತು, ಕಣ್ಣಿನ ಕೆಳಗ ಒಂದು ಸುಕ್ಕು ಉಳದಿತ್ತು. ನಾ ತಲಿ ಕೆಳಗ ಹಾಕ್ದೆ. ಚಾಚಿ ಬಗ್ಗಿ ನೋಡಿ, "ಇರ್ಲಿ ಬಿಡು, ಈಗ ಖರೇ ನನ್ನಂಗ ಕಾಣ್ತೀನಿ" ಅಂತ ನಕ್ಕಳು.

ಎಲೆಕ್ಟ್ರಿಷಿಯನ್ ದೋಸ್ತನ್ನ ಕೇಳಿದೆ. ಮಷಿನ್ನಿನ್ಯಾಗ ಸ್ವಲ್ಪ ಕರೆಂಟ್ ಉಳದಿರ್ತದ ಅಂದ. ಉಳದಿರ್ಲಿ, ಕಡದ ತಂತಿಯಾಗ ಅದು ಹೆಂಗ ಹರೀತು ಅಂದೆ. ಅವ ಚಹಾ ಕುಡದು ಎದ್ದು ಹೋದ.

ನನಗೂ ಇವತ್ತಿನ ತನ ತಿಳಿದಿಲ್ಲ. ಮಸ್ಕಿಗೆ ಹೋದಾಗೆಲ್ಲಾ ಆ ಮಷಿನ್ ಮುಂದ ನಿಂತು "ಶುಕ್ರಿಯಾ ಚಾಚಾ" ಅಂತೀನಿ. ಚಹಾ ಕುಡಿಯೋ ಮಂದಿ ಹೊಳ್ಳಿ ನೋಡ್ತಾರ. ಚಾಚಾ ಕೇಳಸ್ಕೊಂತಾನೋ ಇಲ್ಲೋ, ಹೇಳಾಕ ನಾ ಯಾರು? ಹೇಳದ ಹೋದ್ರ ಮಾತ್ರ ಅವತ್ತು ರೊಟ್ಟಿ ಗಂಟಲದಾಗ ಇಳಿಯೋದಿಲ್ಲ.