ಬೇವಿನ ನೆರಳಿನ ಚೇರ್ಮನ್

ಕೊಕಟನೂರ ಯಲ್ಲಮ್ಮನ ಗುಡಿಗೆ ಹೋಗುವ ರಸ್ತೆಯ ಬದಿಯಲ್ಲಿ ಶಮಶೇರ ಬಾಗವಾನ ಇಪ್ಪತ್ತೆಂಟು ವರ್ಷಗಳಿಂದ ಬಾಳೆಹಣ್ಣು ಮಾರುತ್ತಿದ್ದ. ಅವನ ಧಂದೆಯ ಗುಟ್ಟು ಒಂದೇ: ಕಪ್ಪಿಟ್ಟ ಹಣ್ಣನ್ನು ಬೆಳಿಗ್ಗೆಯೇ ಗಾಡಿಯ ಹಿಂದೆ ಮಂಗಗಳಿಗೆ ಎಸೆಯುವುದು. ಹೊಟ್ಟೆ ತುಂಬಿದ ಮಂಗ ಒಳ್ಳೆಯ ಹಣ್ಣಿಗೆ ಕೈ ಹಾಕುವುದಿಲ್ಲ. ಉಪಾಯವೇನೋ ಫಲಿಸಿತು, ಮಂಗಗಳು ಕೆಟ್ಟವು. ಭಕ್ತರ ಪೇಢೆ, ಶಮಶೇರನ ಹಣ್ಣು ತಿಂದು ತಿಂದು ಹೊಟ್ಟೆ ಜೋತು, ಹಲ್ಲು ಉದುರಿ, ನಡುವಯಸ್ಸಿಗೇ ಮುದಿಯಾದವು. ಎಲ್ಲಕ್ಕಿಂತ ದಪ್ಪಗಿದ್ದ ಗಂಡಿಗೆ ಜನ ‘ಚೇರ್ಮನ್’ ಎಂದು ಹೆಸರಿಟ್ಟಿದ್ದರು. ಗಾಡಿಗೆ ನೆರಳಾಗಿದ್ದ ಆಲದ ಸಾಲಿನಲ್ಲಿ ಅವನ ಕೊಂಬೆಯ ಮೇಲೆ ಮತ್ತೊಂದು ಮಂಗ ಕೂತರೆ ಅದರ ಕಿವಿ ಹರಿಯುತ್ತಿತ್ತು.

ಎದುರಿಗೆ, ತನ್ನ ಹೊಲದ ಬದುವಿನ ಬೇವಿನ ಕೆಳಗೆ, ಹಾಲಸಿದ್ದ ತೆಂಗಿನಕಾಯಿ ಮಾರುತ್ತಿದ್ದ. “ನೀ ಚಟಾ ಹಚ್ಚಿದ್ದಕ್ಕ ನನ್ನ ಕಾಯಿಗಿ ಬರ್ತಾವಲೇ” ಎಂದು ಜಗಳ ತೆಗೆದವನು ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದ.

ಹೋದ ವರ್ಷ ರಸ್ತೆ ಅಗಲ ಮಾಡಲು ಆಲದ ಸಾಲನ್ನು ಕಡಿದರು. ಚಳಿಗಾಲದಲ್ಲಿ ಶಮಶೇರನ ಹೆಂಡತಿ ಕುಲಸುಂಬಿ ತೀರಿಕೊಂಡಳು. ಎರಡಕ್ಕೂ ಅವನು ಅಳಲಿಲ್ಲ. ನಾಲ್ಕನೆಯ ದಿನ ಗಾಡಿ ತಂದು ನಿಲ್ಲಿಸಿದ. ಗಿರಾಕಿ ಕೇಳಿದರೆ ದರ ಹೇಳುತ್ತಿದ್ದ, ಕೇಳದಿದ್ದರೆ ರಸ್ತೆ ನೋಡುತ್ತಿದ್ದ.

ಮಾರ್ಚಿನಲ್ಲಿ ಬಿಸಿಲಿಗೆ ಗಾಡಿಯ ಮೇಲೇ ಕುಸಿದ. “ನೆಳ್ಳಾಗ ಕುಂಡರ್ರಿ, ಇಲ್ಲಾಂದ್ರ ಧಂದಾ ಬಿಡ್ರಿ. ಇನ್ನೊಮ್ಮೆ ಬಿದ್ರ ಏಳೂದಿಲ್ಲ” ಎಂದರು ಅಥಣಿಯ ಡಾಕ್ಟರು. ಕಟ್ಟಿದ ಛತ್ರಿಯನ್ನು ಲಾರಿಗಳ ಗಾಳಿ ಎರಡು ಸಲ ಹಾರಿಸಿತು. ಉಳಿದ ನೆರಳು ಹಾಲಸಿದ್ದನದೇ. ಕೇಳಲು ಹೆಮ್ಮೆ ಅಡ್ಡ ಬರಲಿಲ್ಲ, ಕೇಳಬೇಕೆಂದೇ ಅನಿಸಲಿಲ್ಲ.

ಮಂಗಗಳನ್ನು ನೋಡುತ್ತ ನಿಂತ. ಮಧ್ಯಾಹ್ನವಾದರೆ ಇಡೀ ಹಿಂಡು ಆ ಬೇವಿಗೇ ಬರುತ್ತಿತ್ತು. ಮೊದಲ ವಾರ ಚೇರ್ಮನ್ ಎರಡು ಮಂಗಗಳನ್ನು ಕಚ್ಚಿದ. ಆದರೆ ಅವನ್ನು ಓಡಿಸಬೇಕೆಂದರೆ ತಾನೂ ನೆರಳು ಬಿಟ್ಟು ಬಿಸಿಲಿಗೆ ಹೋಗಬೇಕು. ಎರಡನೆಯ ವಾರ ಆ ಉಸಾಬರಿ ಬಿಟ್ಟ. ಈಗ ಒಕ್ಕಣ್ಣಿನ ಮುದಿ ಹೆಣ್ಣೊಂದು ಅವನ ಬೆನ್ನಿಗೇ ಒರಗಿ ತೂಕಡಿಸುತ್ತಿತ್ತು.

ಮೇ ತಿಂಗಳ ಒಂದು ಮಂಗಳವಾರ ಶಮಶೇರ ವಾಲಿ ಗಾಡಿಯ ಅಂಚು ಹಿಡಿದ. ಕೈಯಲ್ಲಿದ್ದ ಹಣ್ಣು ಜಾರಿತು.

“ಲೇ ಶಮ್ಯಾ!” ಹಾಲಸಿದ್ದ ಕೂಗಿದ. “ಸಾಯೂದಿದ್ರ ಮನ್ಯಾಗ ಸಾಯಿ. ಇಲ್ಲಿ ಬಿದ್ರ ನಾನಽ ಹೊರಬೇಕ.”

“ಹೊರಾಕ ನಾಕ ಮಂದಿ ಬೇಕ.”

“ಇನ್ನ ಮೂರ ಮಂದೀನ ಎಲ್ಲಿ ಹುಡಕ್ಲಿ? ಗಾಡಿ ತಗೊಂಡ ಬಾ ಈ ಕಡೆ.”

“ಮಂಗ್ಯಾ ನಿನ್ನ ಕಾಯಿಗಿ ಕೈ ಹಾಕಿದ್ರ?”

“ಹಾಕೇ ಹಾಕತಾವ. ಬಾಜೂಕ ಇದ್ರ ಬೈಯಾಕ ಸಲೀಸು.”

ಗಾಡಿ ರಸ್ತೆ ದಾಟಿತು. ಬೇವಿನ ನೆರಳಿಗೆ ಕತ್ತಿನ ಹಿಂಭಾಗ ತಣ್ಣಗಾಯಿತು. ಸಂತೋಷವೋ ನಾಚಿಕೆಯೋ ಏನಾದರೂ ಬಂದೀತೆಂದು ಶಮಶೇರ ಸ್ವಲ್ಪ ಹೊತ್ತು ಕಾದ. ಏನೂ ಬರಲಿಲ್ಲ.

ಮೂರು ಗಂಟೆಗೆ ನೆರಳು ಸರಿಯಿತು. ಚೇರ್ಮನ್ ಎದ್ದ, ಮುದಿ ಹೆಣ್ಣು ಎದ್ದಿತು, ಹಿಂಡೆಲ್ಲ ಒಂದು ಮಾರು ಆಚೆ ಹೋಗಿ ಕೂತಿತು.

“ಹಿಡಿ ಒಂದ ಕಡೆ,” ಎಂದ ಹಾಲಸಿದ್ದ, ಬಿಸಿಲಿಗೆ ಬಿದ್ದ ಕಾಯಿ ಚೀಲದ ತುದಿ ತೋರಿಸಿ.

ಶಮಶೇರ ಹಿಡಿದ.