ಫ್ಯೂಸಿನ ಜಾಗದಲ್ಲಿ ತಾಮ್ರದ ಎಳೆ

ವಾಮದಪದವಿನಲ್ಲಿ ಸ್ಕೂಟರ್ ರಿಪೇರಿ ಮಾಡುವ ಧರ್ಣಪ್ಪನ ಕೈ ಒಳ್ಳೆಯದು, ಬಾಯಿ ಮಾತ್ರ ಕೆಟ್ಟದು. ಸುಟ್ಟ ಫ್ಯೂಸಿನ ಜಾಗಕ್ಕೆ ತಾಮ್ರದ ಎಳೆ ಸಿಕ್ಕಿಸಿಕೊಂಡು ಬರುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. "ಫ್ಯೂಸ್ ಸುಡುವುದು ಗಾಡಿ ಸುಡಬಾರದು ಅಂತ, ಗೊತ್ತುಂಟಾ? ಇದಕ್ಕಿಂತ ಸೀಟಿನ ಅಡಿಯಲ್ಲಿ ಕೆಂಡ ಇಟ್ಕೊಂಡು ಹೋಗಿ!" ಇಪ್ಪತ್ತೆಂಟು ವರ್ಷ ಹೀಗೆ ಊರಿಗೆಲ್ಲ ಬೈದ ಮನುಷ್ಯ ಒಂದೇ ಒಂದು ಸಲ ಅದೇ ಕೆಲಸ ಮಾಡಿದ.

ಆ ಮಂಗಳವಾರ ಬೆಳಿಗ್ಗೆ ಮೋಕ್ಷಿತಾ ಸ್ಕೂಟರ್ ನೂಕಿಕೊಂಡು ಬಂದಳು. ಹಿಂದೆ ಅವಳ ಅಪ್ಪ ರುಕ್ಮಯ್ಯ, ಧರ್ಣಪ್ಪನ ಹಳೆಯ ಗೆಳೆಯ, ಹತ್ತು ಹೆಜ್ಜೆಗೊಮ್ಮೆ ನಿಂತು ಏದುಸಿರು ಬಿಡುತ್ತಿದ್ದ. ಎರಡೂ ಕಿಡ್ನಿ ಕೈಕೊಟ್ಟು ಒಂದೂವರೆ ವರ್ಷವಾಗಿತ್ತು. ವಾರಕ್ಕೆ ಮೂರು ಸಲ ಬಂಟ್ವಾಳದಲ್ಲಿ ಡಯಾಲಿಸಿಸ್. ಜ್ವರ ಬಂದು ಹಿಂದಿನ ಸರದಿ ತಪ್ಪಿತ್ತು. ಕಾಲು ಬಿಡಿ, ಮುಖವೂ ಊದಿಕೊಂಡಿತ್ತು ಪಾಪ.

"ಮಾವ, ಸೆಲ್ಫೂ ಇಲ್ಲ, ಕಿಕ್ಕೂ ಇಲ್ಲ, ಹಾರ್ನೂ ಇಲ್ಲ. ಹತ್ತು ಗಂಟೆಗೆ ಅಲ್ಲಿರ್ಬೇಕು. ಬಸ್ಸು ಹೋಗಿ ಆಯ್ತು, ಸ್ಟ್ಯಾಂಡಿನಲ್ಲಿ ಒಂದು ಆಟೋ ಇಲ್ಲ."

ಧರ್ಣಪ್ಪ ಹೊಸ ಫ್ಯೂಸ್ ಹಾಕಿ ಕೀ ತಿರುಗಿಸಿದ. ಪೆಟ್ರೋಲಿನ ಮುಳ್ಳು ಸರ್ರನೆ ಫುಲ್ಲಿಗೆ ಏರಿತು, ಮರುಕ್ಷಣವೇ ಫ್ಯೂಸ್ ಹೋಯಿತು. ಟ್ಯಾಂಕಿನಲ್ಲಿ ಇದ್ದದ್ದು ಕಾಲು ಭಾಗ.

"ಮುಳ್ಳು ಒಂದು ವಾರದಿಂದ ಹಾಗೇ ತೋರಿಸ್ತದೆ" ಎಂದಳು ಮೋಕ್ಷಿತಾ.

ಅವನಿಗೆ ಅಷ್ಟೇ ಸಾಕಿತ್ತು. ಟ್ಯಾಂಕಿನಿಂದ ಮುಳ್ಳಿಗೆ ಹೋಗುವ ವಯರು ಸಿಪ್ಪೆ ಸವೆದು ಕಬ್ಬಿಣಕ್ಕೆ ತಾಗುತ್ತಿದೆ, ಅದರ ಜೊತೆ ಕಟ್ಟಿದ ಕರೆಂಟಿನ ವಯರೂ ಸವೆದಿದೆ, ಫ್ಯೂಸ್ ಹೋಗುವುದು ಅದಕ್ಕೇ. ಸೀಟು, ಮೇಲಿನ ಪ್ಲಾಸ್ಟಿಕ್ಕು ಎಲ್ಲ ಕಳಚಿ ಹುಡುಕಲು ಒಂದು ಗಂಟೆಯಾದರೂ ಬೇಕು. ಆಗಲೇ ಒಂಬತ್ತೂ ಕಾಲು.

"ಹೇಗಾದ್ರೂ ಮಾಡು ಮಾರಾಯ, ಮಲಗಿದ್ರೆ ಉಸಿರು ಕಟ್ತದೆ" ಎಂದ ರುಕ್ಮಯ್ಯ.

ಧರ್ಣಪ್ಪ ಗೆಳೆಯನ ಊದಿದ ಮುಖ ನೋಡಿದ. ಕಬ್ಬಿಣದಿಂದ ಬಿಡಿಸಲು ವಯರಿನ ಕಟ್ಟನ್ನು ಆಚೀಚೆ ಅಲ್ಲಾಡಿಸಿದ, ಮತ್ತೆ ತಾಗಿದರೂ ಗಾಡಿ ನಿಲ್ಲದಿರಲಿ ಎಂದು ಫ್ಯೂಸಿನ ಜಾಗಕ್ಕೆ ತಾಮ್ರದ ಎಳೆ ಸುತ್ತಿದ. ಗಾಡಿ ಸ್ಟಾರ್ಟ್ ಆಯಿತು. "ಬರುವಾಗ ಇಲ್ಲೇ ಬಿಡಿ, ಸರಿ ಮಾಡಿ ಕೊಡ್ತೇನೆ" ಎಂದನೇ ಹೊರತು ಎಳೆಯ ಸುದ್ದಿ ಎತ್ತಲಿಲ್ಲ.

ಅರ್ಧ ದಾರಿಯ ಏರಿನಲ್ಲಿ ಸೀಟಿನಡಿಯಿಂದ ಹೊಗೆ ಎದ್ದು ಗಾಡಿ ನಿಂತಿತು. ಅಪ್ಪ ಮಗಳು ಮುಕ್ಕಾಲು ಗಂಟೆ ಬಿಸಿಲಲ್ಲಿ ಹೋಗುವ ಗಾಡಿಗಳಿಗೆ ಕೈ ಅಡ್ಡ ಹಿಡಿದು ನಿಂತರು. ಕಡೆಗೆ ಊರಿನಲ್ಲಿ ಪಿಕಪ್ ಗಾಡಿ ಓಡಿಸುವ ಅಝೀಮ್ ಹತ್ತಿಸಿಕೊಂಡ. ಆಸ್ಪತ್ರೆ ಮುಟ್ಟುವಾಗ ರುಕ್ಮಯ್ಯನ ಬಾಯಲ್ಲಿ ನೊರೆ ಬಂದಿತ್ತು. ಮೆಟ್ಟಿಲ ಬುಡದಲ್ಲೇ ಜೀವ ಹೋಯಿತು.

ಮರುದಿನ ಅಝೀಮ್ ಸ್ಕೂಟರನ್ನು ತಂದು ಅಂಗಡಿಯ ಮುಂದೆ ಇಳಿಸಿದ. ಧರ್ಣಪ್ಪ ಸೀಟು ಕಳಚಿದ. ವಯರೆಲ್ಲ ಕರಗಿ ಒಂದೇ ಮುದ್ದೆಯಾಗಿತ್ತು. ತಾಮ್ರದ ಎಳೆಗೆ ಮಾತ್ರ ಏನೂ ಆಗಿರಲಿಲ್ಲ. ಅವತ್ತಿನಿಂದ ಅವನು ಯಾರಿಗೂ ಬೈಯಲಿಲ್ಲ.

ಹದಿಮೂರನೇ ದಿನದ ಉತ್ತರಕ್ರಿಯೆಗೆ, ಬೊಜ್ಜದ ಊಟಕ್ಕೆ, ಹೋಗದೆ ಆಗುತ್ತದೆಯೇ? ಹೋಗಿ ಪಂಕ್ತಿಯ ತುದಿಯಲ್ಲಿ ಕುಳಿತ. ಮೋಕ್ಷಿತಾ ತಾನೇ ಸಾರು ಬಡಿಸಲು ಬಂದಳು.

"ನೀವೊಬ್ಬರಾದ್ರೂ ಅಷ್ಟು ಮಾಡಿದ್ರಿ, ಮಾವ. ಪಿಕಪ್ಪಿನಲ್ಲಿ ಸಹ ಅಪ್ಪ ನಿಮ್ಮ ಹೆಸರೇ ಹೇಳ್ತಾ ಇದ್ರು."

ಧರ್ಣಪ್ಪ ಎತ್ತಿದ ತುತ್ತನ್ನು ಎಲೆಗೇ ಇಳಿಸಿದ. "ಮಗಾ, ಫ್ಯೂಸಿನ ಜಾಗಕ್ಕೆ ನಾನು ತಾಮ್ರದ ಎಳೆ ಹಾಕಿದ್ದು. ವಯರು ಸವೆದದ್ದು ಗೊತ್ತಿತ್ತು ನನಗೆ. ಗೊತ್ತಿದ್ದೇ ಕಳಿಸಿದ್ದು."

ಅವಳು ಸೌಟನ್ನು ಸಾರಿಗೆ ಇಳಿಸಿದಳು. ಮತ್ತೆ ಮೆಲ್ಲನೆ ಕೇಳಿದಳು, "ಆ ದಿನ ಅಂಗಡಿಯಲ್ಲಿ ಬೇರೆ ಗಾಡಿ ಇತ್ತಲ್ಲ?"

"ಐದು ಇತ್ತು."

"ರಿಪೇರಿ ಆಗಿ ನಿಂತದ್ದು?"

"ಮೂರು. ಗಿರಾಕಿಯ ಗಾಡಿ ಇನ್ನೊಬ್ಬರಿಗೆ ಕೊಡುವ ಕ್ರಮ ಇಲ್ಲ ನನ್ನಲ್ಲಿ. ಆಗ ತಲೆಗೇ ಹೋಗ್ಲಿಲ್ಲ, ಮಗಾ."

ಧರ್ಣಪ್ಪ ಏಳಲು ನೋಡಿದ. ಅವಳು ಬಿಡಲಿಲ್ಲ.

"ಕೂತ್ಕೊಳ್ಳಿ. ಅಪ್ಪನ ಊಟ ಇದು, ಎಲೆಯಲ್ಲಿ ಬಿಟ್ಟು ಏಳ್ಬೇಡಿ." ಅವನ ಅನ್ನಕ್ಕೆ ಇನ್ನೊಂದು ಸೌಟು ಸಾರು ಹಾಕಿದಳು. "ಪೂರ್ತಿ ಉಂಡು ಹೋಗಿ. ಇನ್ನು ಈ ಮನೆಗೆ ಬರ್ಬೇಡಿ."