ಪಿಳ್ಳಮ್ಮನ ಗಾಳಿ ಎಂಜಿನ್ನು

ಜಡಿಗೇನಹಳ್ಳಿ ಹೋಬಳಿಯ ಬೈಯಪ್ಪನಪಾಳ್ಯದಲ್ಲಿ ಹ್ಯಾಂಡಲ್ ಹೊಡೆದು ಡೀಸೆಲ್ ಎಂಜಿನ್ ಶುರು ಮಾಡುವ ಹೆಂಗಸು ಅಂತ ಇದ್ದದ್ದು ಪಿಳ್ಳಮ್ಮ ಒಬ್ಬಳೇ. ಹುಡುಗಿಯಾಗಿದ್ದಾಗ ಅಪ್ಪನಿಂದ ಕಲಿತದ್ದು. ಬಾವಿಯ ಕಟ್ಟೆಯ ಮೇಲೆ ಕೂರಿಸಿದ್ದ ಆ ಹಸಿರು ಎಂಜಿನ್ನನ್ನು ತಣ್ಣಗಿಡಲು ನೀರು ಬೇಕಾಗಿರಲಿಲ್ಲ. ಅದರ ದೊಡ್ಡ ಚಕ್ರದ ರೆಕ್ಕೆಗಳು ಬೀಸುವ ಗಾಳಿಯೇ ಸಾಕಾಗುತ್ತಿತ್ತು. ಅದಕ್ಕೇ ಊರಲ್ಲಿ ಅದಕ್ಕೆ ಗಾಳಿ ಎಂಜಿನ್ನು ಅಂತ ಹೆಸರು. ಹ್ಯಾಂಡಲ್ ತಿರುಗಿಸುವಾಗ ಸ್ವಲ್ಪ ಮೈಮರೆತರೂ ಅದು ಹಿಂದಕ್ಕೆ ಒದೆಯುತ್ತಿತ್ತು. ಅಪ್ಪನ ಮಣಿಕಟ್ಟು ಒಮ್ಮೆ ಹಾಗೇ ಮುರಿದಿತ್ತು. ಪಿಳ್ಳಮ್ಮನ ಕೈಗೆ ಏನೂ ಆಗಲಿಲ್ಲ. ಎಂಜಿನ್ನು ಓಡುತ್ತಿರುವಾಗ ಅವಳು ದೂರದ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದರೂ ಸದ್ದು ಕೇಳಿಯೇ ಡೀಸೆಲ್ ಮುಗೀತಾ ಬಂತು ಅನ್ನುತ್ತಿದ್ದಳು.

ಮದುವೆಯಾಗಿ ವಿಜಯಪುರಕ್ಕೆ ಹೋದಳು. ಅದು ರೇಷ್ಮೆ ಹುರಿ ಮಾಡುವ ಮನೆ. ಹಗಲಿಡೀ ಮಿಷನ್ನುಗಳ ಅಬ್ಬರ; ಮಾತಾಡಬೇಕೆಂದರೆ ಕಿವಿಯ ಹತ್ತಿರ ಬಾಯಿಟ್ಟು ಕಿರುಚಬೇಕು. ಹದಿನೈದು ವರ್ಷ ಅಲ್ಲಿ ದುಡಿದಳು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ಒಂದು ಟ್ರಂಕು ಹಿಡಿದು ತವರಿಗೆ ಬಂದಳು. ಅಷ್ಟರಲ್ಲಿ ಅಪ್ಪ ಅಮ್ಮ ಇಬ್ಬರೂ ಹೋಗಿದ್ದರು. ಮನೆಯಲ್ಲಿದ್ದವನು ತಮ್ಮ ನವೀನ್‌ಕುಮಾರ್. ಅವಳಿಗಿಂತ ಹನ್ನೆರಡು ವರ್ಷ ಚಿಕ್ಕವನು, ಅವಳೇ ಸೊಂಟದ ಮೇಲೆ ಹೊತ್ತು ಬೆಳೆಸಿದವನು. ಬಾವಿ ಬತ್ತಿ ಬೋರ್‌ವೆಲ್ ಬಂದಿತ್ತು. ಗಾಳಿ ಎಂಜಿನ್ನು ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದುಕೊಂಡಿತ್ತು.

ಊರ ಮುಂದಿನ ಕೆರೆ ಪಿಳ್ಳಮ್ಮನಿಗೆ ಬುದ್ಧಿ ಬಂದಾಗಿನಿಂದ ಒಣಗಿಯೇ ಇದ್ದದ್ದು. ಜಾಲಿ ಗಿಡಗಳ ನಡುವಿನ ಕಾಲುದಾರಿಯಲ್ಲಿ ನಡೆದರೆ ಆಚೆ ದಡದ ಕೆಂಪಾಪುರ ಹತ್ತಿರ. ಹಾಲಿನ ಡೈರಿ ಇದ್ದದ್ದು ಅಲ್ಲಿ. ಊರಿನ ಹೆಂಗಸರು ದಿನಕ್ಕೆರಡು ಸಲ ಕ್ಯಾನು ಹೊತ್ತು ಆ ದಾರಿಯಲ್ಲೇ ಹೋಗಿ ಬರುತ್ತಿದ್ದರು. ಕೆಲವು ವರ್ಷಗಳ ಹಿಂದೆ ಪಟ್ಟಣದ ಕೊಳಚೆ ನೀರನ್ನು ಶುದ್ಧ ಮಾಡಿ ಪೈಪಿನಲ್ಲಿ ತಂದು ಕೆರೆಗೆ ಬಿಟ್ಟರು. ಅದರ ಹಿಂದೆಯೇ ಎರಡು ವರ್ಷ ಜೋರು ಮಳೆ ಹುಯ್ಯಿತು. ಕೆರೆ ತುಂಬಿತು, ಕಾಲುದಾರಿ ಮುಳುಗಿತು. ಡೈರಿಗೆ ಹೋಗಬೇಕಾದರೆ ಕಟ್ಟೆ ಬಳಸಿ ಎಲ್ಲೆಲ್ಲೋ ಸುತ್ತಬೇಕು, ಅಷ್ಟರಲ್ಲಿ ಬೇಸಿಗೆಯಲ್ಲಿ ಹಾಲು ಒಡೆದುಹೋಗುತ್ತಿತ್ತು. ಕೆರೆ ತುಂಬಿದ್ದಕ್ಕೆ ಗಂಡಸರು ಬಾಗಿನ ಬಿಟ್ಟು ಫೋಟೋ ತೆಗೆಸಿಕೊಂಡರು. ಹೆಂಗಸರು ಒಡೆದ ಹಾಲನ್ನು ತಿಪ್ಪೆಗೆ ಸುರಿದರು.

ದೋಣಿ ಮಾಡೋಣ ಅಂತ ಮೊದಲು ಅಂದವಳು ಮಾರಕ್ಕ. ಆರು ಸೀಮೆ ಹಸು ಕಟ್ಟಿದ್ದ ಗಟ್ಟಿ ಹೆಂಗಸು, ಪಿಳ್ಳಮ್ಮನ ಜೊತೆ ಒಂದೇ ಬೆಂಚಿನಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕೂತವಳು. ವಿಜಯಪುರದಿಂದ ಪಿಳ್ಳಮ್ಮ ಮರಳಿ ಬಂದ ದಿನ ಒಂದು ಮಾತೂ ಕೇಳದೆ ಮುದ್ದೆ ಇಕ್ಕಿದವಳು ಅವಳೊಬ್ಬಳೇ. ವೆಲ್ಡಿಂಗ್ ಅಂಗಡಿಯಲ್ಲಿ ತಗಡಿನ ಅಗಲ ದೋಣಿ ತಯಾರಾಯಿತು. ನವೀನ ಎಲ್ಲಿಂದಲೋ ನೀರಿನಿಂದ ತಣ್ಣಗಾಗುವ ಎಂಜಿನ್ನು ತಂದು ಕೂರಿಸಿದ. ಕೆರೆಯ ನೀರನ್ನೇ ಪೈಪಿನಲ್ಲಿ ಎಳೆದು ಎಂಜಿನ್ನಿನ ಸುತ್ತ ಹಾಯಿಸುವುದು ಅವನ ಲೆಕ್ಕ. ಆದರೆ ಆ ನೀರಿನ ತುಂಬ ಅಂತರಗಂಗೆ, ಕೊಳೆತ ಜೊಂಡು. ಪೈಪು ದಿನವೂ ಕಟ್ಟಿಕೊಂಡಿತು, ಎಂಜಿನ್ನು ಕಾದು ಕಾದು ನಿಂತಿತು. ಕೊನೆಗೆ ಪಿಳ್ಳಮ್ಮ ಕೊಟ್ಟಿಗೆಯ ಗೋಣಿಚೀಲ ಎತ್ತಿದಳು. ಗಾಳಿ ಎಂಜಿನ್ನಿಗೆ ಕೆರೆಯ ನೀರಿನ ಗೊಡವೆಯೇ ಇರಲಿಲ್ಲ. ಅದನ್ನು ದೋಣಿಯ ನಡುವೆ ಬಿಗಿದು, ಬೆಲ್ಟು ಹಾಕಿ, ಹಿಂದುಗಡೆ ನೀರು ತಳ್ಳುವ ಪಂಖಕ್ಕೆ ಜೋಡಿಸಿದರು. ಪಂಖಕ್ಕೆ ಜೊಂಡು ಸುತ್ತಿಕೊಂಡರೆ ಕುಡುಗೋಲಿನಿಂದ ಕೊಯ್ದು ಹಾಕಿದರಾಯಿತು.

ಅಲ್ಲಿಂದ ಆರು ವರ್ಷ ಪಿಳ್ಳಮ್ಮ ದೋಣಿ ಓಡಿಸಿದಳು. ಬೆಳಿಗ್ಗೆ ಸಂಜೆ ಹಾಲು, ನಡುವೆ ಸ್ಕೂಲು ಮಕ್ಕಳು, ಬಸುರಿಯರು, ಆಚೆ ಊರಿಗೆ ಸಾವಿಗೆ ಹೋಗುವವರು. ಗಂಡನ ಮನೆಯಲ್ಲಿ ಯಾರೂ ಕೂಗಿ ಕರೆಯದ ಹೆಂಗಸನ್ನು ಈಗ ಎರಡು ಊರಿನವರು ದಡದಲ್ಲಿ ನಿಂತು ಕರೆಯುತ್ತಿದ್ದರು. ಹಿಂದುಗಡೆ ಚುಕ್ಕಾಣಿ ಹಿಡಿದು ಅವಳು ಕೂತರೆ, ಎಂಜಿನ್ನಿನ ಪಕ್ಕದ ಹಲಗೆಯ ಮೇಲೆ ಅವಳಿಗೆ ಎದುರಾಗಿ ಮಾರಕ್ಕ. ಆ ಜಾಗ ಬಿಸಿ, ಹೊಗೆ, ಕಿವಿ ಕಿತ್ತುಹೋಗುವ ಸದ್ದು. ಬೇರೆ ಯಾರೂ ಕೂರುತ್ತಿರಲಿಲ್ಲ. ಮಾರಕ್ಕ ಮಾತ್ರ ಅಲ್ಲೇ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದಳು.

ಕಿವಿ ಮಂದವಾಗುತ್ತಿರುವುದು ಪಿಳ್ಳಮ್ಮನಿಗೆ ಮೊದಲು ಗೊತ್ತಾದದ್ದು ಕೋಳಿಯಿಂದ. ಮನೆಯ ಹುಂಜ ಎದುರಿಗೇ ಕತ್ತು ಚಾಚಿ ಕೂಗುತ್ತಿತ್ತು, ಸದ್ದು ಬರಲಿಲ್ಲ. ವಿಜಯಪುರದ ಮಿಷನ್ನು ಅರ್ಧ ತಿಂದಿದ್ದ ಕಿವಿಯನ್ನು ಗಾಳಿ ಎಂಜಿನ್ನು ಪೂರಾ ತಿಂದಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಚುಕ್ಕಾಣಿ ಕಿತ್ತುಕೊಳ್ಳುತ್ತಾರೆ, ಮತ್ತೆ ತಮ್ಮನ ಮನೆಯ ಮುಸುರೆ ತಿಕ್ಕುವ ಅಕ್ಕನಾಗಿ ಉಳಿಯಬೇಕು. ತುಟಿ ನೋಡಿ ಮಾತು ತಿಳಿಯುವುದು ರೇಷ್ಮೆ ಮಿಷನ್ನುಗಳ ನಡುವೆಯೇ ಅಭ್ಯಾಸವಾಗಿತ್ತು. ಎಂಜಿನ್ನಿನ ಹದವನ್ನು ಈಗ ಅಂಗಾಲಿನಿಂದ ತಿಳಿಯುತ್ತಿದ್ದಳು. ಚಪ್ಪಲಿ ಬಿಟ್ಟು ತಗಡಿನ ಮೇಲೆ ಪಾದ ಊರಿದರೆ ಸಾಕು, ಅದರ ನಡುಕದಲ್ಲಿ ಎಲ್ಲ ಇರುತ್ತಿತ್ತು.

ಅಷ್ಟರಲ್ಲಿ ಕೆರೆಯ ದಂಡೆಗೆ ಲೇಔಟು ಬಂತು. ದೊಡ್ಡ ದೊಡ್ಡ ಮನೆಗಳು, ಸುತ್ತ ಕಾಂಪೌಂಡು, ನೀರಿಗೆ ಮುಖ ಮಾಡಿದ ಬಾಲ್ಕನಿಗಳು. ನವೀನ ಅಲ್ಲಿ ಸೂಪರ್‌ವೈಸರ್ ಆಗಿ ಸೇರಿ, ಎದೆಯ ಮೇಲೆ ಹೆಸರಿನ ಪಟ್ಟಿ ಇರುವ ಅಂಗಿ ಹಾಕಿಕೊಂಡ. ದೋಣಿಯ ಸದ್ದಿಗೆ ಬೆಳಗಿನ ನಿದ್ದೆ ಹಾಳಾಗುತ್ತಿದೆ ಅಂತ ಆ ಮನೆಗಳವರು ಪಂಚಾಯಿತಿಗೆ ದೂರು ಕೊಟ್ಟರು. ಪಂಚಾಯಿತಿ ಮೆಂಬರ್ ಹರಿಪ್ರಸಾದ್ ಪಿಳ್ಳಮ್ಮನನ್ನು ಕರೆಸಿ, ಸದ್ದು ಕಡಿಮೆ ಮಾಡು, ಇಲ್ಲವಾದರೆ ದೋಣಿ ನಿಲ್ಲಿಸು ಅಂದ. ಎರಡರಲ್ಲಿ ಒಂದು, ಮೂರನೆಯದಿಲ್ಲ.

ದಾರಿ ಹುಡುಕಿದವನು ನವೀನ. ಎಂಜಿನ್ನಿನ ಮೇಲೆ ಎದೆಯೆತ್ತರದ ತಗಡಿನ ಪೆಟ್ಟಿಗೆ, ಒಳಗಡೆ ಹಾಸಿಗೆಯ ಸ್ಪಂಜು, ಎಂಜಿನ್ನಿನ ಕೆಳಗೆ ದಪ್ಪ ರಬ್ಬರು. ಪಿಳ್ಳಮ್ಮ ನೋಡಿದವಳೇ ಬೇಡ ಅಂದಳು.

"ಅದು ಗಾಳೀಲಿ ಬದುಕೋ ಎಂಜಿನ್ನು ಕಣೋ ನವೀನ. ಪೆಟ್ಟಿಗೇಲಿ ಮುಚ್ಚಿದ್ರೆ ಅದರ ಬಿಸಿ ಗಾಳೀನೇ ಅದು ಮತ್ತೆ ಉಸಿರಾಡ್ತದೆ. ಉಳಿಯಲ್ಲ."

"ಎರಡು ಕಡೆ ತೂತು ಮಾಡ್ಸಿ ಜಾಲರಿ ಹಾಕಿಸ್ತೀನಿ ಅಕ್ಕ. ಲೇಔಟ್‌ನೋರು ನನ್ನ ಮುಖ ನೋಡಿ ಒಪ್ಕೊಂಡವ್ರೆ. ನನ್ನ ಕೆಲ್ಸಕ್ಕೆ ಕಲ್ಲು ಹಾಕ್ಬೇಡ," ಅಂದ ನವೀನ.

ಅವಳು ಒಪ್ಪಿಕೊಂಡಳು. ದೋಣಿ ನಿಲ್ಲುವುದಕ್ಕಿಂತ ಇದು ವಾಸಿ ಅನ್ನಿಸಿತು. ರಬ್ಬರು ಹಾಕಿದ ಮೇಲೆ ತಗಡಿನ ನಡುಕ ಸತ್ತುಹೋಗಿ ಅಂಗಾಲಿಗೂ ಏನೂ ತಿಳಿಯದಾಯಿತು. ಅದನ್ನಾದರೂ ಹೇಳಬಹುದಿತ್ತು. ಆದರೆ ಹಾಗೆ ಹೇಳಿದರೆ ಕಿವಿಯ ಸಂಗತಿಯೂ ಹೊರಬೀಳುತ್ತಿತ್ತು. ಪೆಟ್ಟಿಗೆ ಅಗಲವಾಗಿದ್ದರಿಂದ ಪಕ್ಕದ ಹಲಗೆಯನ್ನು ಕಿತ್ತುಹಾಕಿದರು. ಮಾರಕ್ಕ ದೋಣಿಯ ಮುಂದಿನ ಮೂತಿಗೆ ಹೋಗಿ ಕ್ಯಾನುಗಳ ಆಚೆ ಕೂತಳು. ಈಗ ಇಬ್ಬರ ನಡುವೆ ಆ ಪೆಟ್ಟಿಗೆ. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣದು.

ಚಳಿಗಾಲ ಹೇಗೋ ಕಳೆಯಿತು. ಶಿವರಾತ್ರಿ ಮುಗಿದು ಬಿಸಿಲು ಏರಿದ ಮೇಲೆ, ಒಂದು ಸಂಜೆ ಮಾರಕ್ಕನೂ ಸೇರಿ ನಾಲ್ವರು ಹೆಂಗಸರು ಕ್ಯಾನುಗಳೊಂದಿಗೆ ಹತ್ತಿದರು. ಜೊಂಡಿನ ಹತ್ತಿ ಹಾರುವ ಕಾಲ ಅದು. ಜಾಲರಿಯ ಮೇಲೆ ಬೂರು ಮೆತ್ತಿಕೊಂಡು ತೂತುಗಳು ಮುಚ್ಚಿಹೋಗಿದ್ದವು. ಕೆರೆಯ ನಡುವೆ ಹೋಗುವಾಗ ಎಂಜಿನ್ನು ತಿಣುಕತೊಡಗಿತು. ಆಮೇಲೆ ಒಳಗೆ ಕಬ್ಬಿಣ ಕಬ್ಬಿಣಕ್ಕೆ ಬಡಿಯುವ ಸದ್ದು. ದೋಣಿಯಲ್ಲಿದ್ದ ಎಲ್ಲರಿಗೂ ಅದು ಕೇಳಿಸಿತು, ಚುಕ್ಕಾಣಿ ಹಿಡಿದವಳೊಬ್ಬಳನ್ನು ಬಿಟ್ಟು. ಮಾರಕ್ಕ ಮುಂದಿನಿಂದ ಕೂಗಿದಳು. ಮತ್ತೆ ಕೂಗಿದಳು. ಪಿಳ್ಳಮ್ಮ ದೂರದ ದಡದ ಕಡೆ ನೋಡುತ್ತಾ ಕೂತೇ ಇದ್ದಳು. ನಡುವೆ ಕೂತಿದ್ದ ಮೂವರೂ, ಇವಳಿಗೆ ತಿಳಿಯದ್ದು ನಮಗೇನು ತಿಳಿದೀತು ಅಂತ ಸುಮ್ಮನಿದ್ದರು.

ಕೊನೆಗೆ ಮಾರಕ್ಕ ಕ್ಯಾನುಗಳನ್ನು ದಾಟಿ ಬಂದು ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಿದಳು. ಪಿಳ್ಳಮ್ಮನ ಕಣ್ಣಿಗೆ ಬಿದ್ದದ್ದು ಅಷ್ಟೇ: ಓಡುತ್ತಿರುವ ಎಂಜಿನ್ನಿನ ಮುಚ್ಚಳವನ್ನು ಇವಳು ಯಾಕೆ ತೆಗೆಯುತ್ತಿದ್ದಾಳೆ?

"ಮುಚ್ಚೇ ಅದನ್ನ. ನಿಂಗ್ಯಾಕೆ ಬೇಕು ಅಧಿಕಪ್ರಸಂಗ?" ಅಂತ ಗದರಿದಳು.

ಮುಚ್ಚಳ ತೆರೆದೊಡನೆ ಒಳಗಿನ ಸ್ಪಂಜು ಭಗ್ಗೆಂದು ಹೊತ್ತಿಕೊಂಡಿತು. ಅದೇ ಹೊತ್ತಿಗೆ ಪಿಸ್ಟನ್ನು ಹಿಡಿದುಕೊಂಡು ಎಂಜಿನ್ನು ಗಕ್ಕನೆ ನಿಂತಿತು. ದೋಣಿ ಒಂದು ಪಕ್ಕಕ್ಕೆ ವಾಲಿತು. ಆಯ ತಪ್ಪಿದ ಮಾರಕ್ಕ ಬಲಗೈ ಊರಿದ್ದು ಕಾದು ಕೆಂಪಾಗಿದ್ದ ಹೊಗೆ ಕೊಳವೆಯ ಮೇಲೆ. ಉರಿಯುವ ಸ್ಪಂಜು ಕರಗಿ ಅದೇ ಕೈಯ ಮೇಲೆ ಸುರಿಯಿತು. ಅವಳ ಬಾಯಿ ತೆರೆದದ್ದನ್ನು ಪಿಳ್ಳಮ್ಮ ನೋಡಿದಳು. ಕಿರುಚಿದ್ದು ಕೇಳಿಸಲಿಲ್ಲ.

ಬೆಂಕಿಗೆ ಹಾಲು ಸುರಿದರು. ಮಾರಕ್ಕನ ಕೈಯನ್ನೂ ಹಾಲಿನ ಕ್ಯಾನಿನೊಳಗೇ ಅದ್ದಿ ಹಿಡಿದರು. ಬಿದಿರು ಗಳ ಊರಿಕೊಂಡು ದಡ ಸೇರುವ ಹೊತ್ತಿಗೆ ಕತ್ತಲಾಗಿತ್ತು. ಹೊಸಕೋಟೆಯ ಆಸ್ಪತ್ರೆಯಲ್ಲಿ ಮಾರಕ್ಕ ತಿಂಗಳು ಮಲಗಿದಳು. ಕೈ ಉಳಿಯಿತು, ಬೆರಳು ಉಳಿಯಲಿಲ್ಲ. ಮೂರು ಬೆರಳು ಅಂಗೈಗೆ ಮಡಚಿಕೊಂಡು ಅಲ್ಲೇ ಅಂಟಿಹೋದವು. ಕೆಚ್ಚಲಿಗೆ ಹಾಕುವ ಕೈ ಅದು.

ಪಂಚಾಯಿತಿಯಲ್ಲಿ ಜನ ಸೇರಿದರು. ಏನಾಯಿತು ಅಂತ ಹರಿಪ್ರಸಾದ್ ಕೇಳಿದ. ಪಿಳ್ಳಮ್ಮ ಪೆಟ್ಟಿಗೆಯ ವಿಷಯ ಎತ್ತುವ ಮೊದಲೇ ನವೀನ ಎದ್ದು ನಿಂತ. ಅವನು ಅವಳ ಕಡೆ ಬೆನ್ನು ಮಾಡಿ ಮಾತಾಡಿದ್ದರೆ ಚೆನ್ನಾಗಿತ್ತು. ಮುಖ ಕಾಣುವ ಹಾಗೇ ನಿಂತಿದ್ದ. ತುಟಿಯ ಮೇಲಿನ ಒಂದೊಂದು ಮಾತೂ ಅವಳಿಗೆ ತಿಳಿಯಿತು.

"ನಮ್ಮಕ್ಕಂಗೆ ಕಿವಿ ಕೇಳ್ಸಲ್ಲ ಸಾರ್. ಬಾಳ ದಿನದಿಂದ್ಲೂ ಕೇಳ್ಸಲ್ಲ. ಅದನ್ನ ಮುಚ್ಚಿಟ್ಟು ದೋಣಿ ಓಡಿಸ್ತಿದ್ಲು. ನಾನೂ ಅಕ್ಕ ಅಂತ ಸುಮ್ನಿದ್ದೆ. ತಪ್ಪಾಯ್ತು."

ಸಭೆಯ ತುಂಬ ತಲೆಗಳು ಅವಳ ಕಡೆ ತಿರುಗಿದವು. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಎಂಜಿನ್ನಿನ ಅಡಿಗೆ ರಬ್ಬರು ಹಾಸಿದ್ದ. ಪೆಟ್ಟಿಗೆಯ ಬಗ್ಗೆ ಆಮೇಲೆ ಯಾರೂ ಕೇಳಲಿಲ್ಲ. ಅವಳೇ ಹೇಳಿದಳು, ಎರಡು ಸಲ ಹೇಳಿದಳು. ಜನ ಮುಖ ಮುಖ ನೋಡಿಕೊಂಡು ಕಿವುಡಿಗೆ ಸಿಟ್ಟು ಬಂದಿದೆ ಅನ್ನುವ ಹಾಗೆ ತಲೆ ಆಡಿಸಿದರು. ಮುಚ್ಚಿಟ್ಟದ್ದಂತೂ ನಿಜವೇ ಆಗಿದ್ದರಿಂದ ಮೂರನೇ ಸಲ ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಮಾರಕ್ಕ ಮನೆಗೆ ಬಂದ ಮೇಲೆ ಪಿಳ್ಳಮ್ಮ ಬೆಳಗಾಗುತ್ತಲೇ ಅಲ್ಲಿಗೆ ಹೋಗಿ ಹಾಲು ಕರೆಯಲು ಕೂತಳು. ಮಾರಕ್ಕನ ಸೊಸೆ ಅಕ್ಷತ ಬೇಡವೆನ್ನಲಿಲ್ಲ, ಬಾ ಎನ್ನಲೂ ಇಲ್ಲ. ಬಕೆಟ್ಟು ಇಟ್ಟು ಒಳಗೆ ಹೋಗುತ್ತಿದ್ದಳು. ಜಗಲಿಯ ಮೇಲೆ ಕೈಗೆ ಬಟ್ಟೆ ಸುತ್ತಿಕೊಂಡು ಕೂತಿರುತ್ತಿದ್ದ ಮಾರಕ್ಕ ಇವಳ ಕಡೆ ತಿರುಗುತ್ತಿರಲಿಲ್ಲ. ಹೀಗೇ ವಾರಗಳು ಕಳೆದವು. ಒಂದು ಬೆಳಿಗ್ಗೆ ಮಾರಕ್ಕ ಎದ್ದು ಬಂದು ಹಸುವಿನ ಆಚೆ, ಪಿಳ್ಳಮ್ಮನ ಮುಖಕ್ಕೆ ಮುಖ ಕೊಟ್ಟು ನಿಂತಳು. ತುಟಿ ಚೆನ್ನಾಗಿ ಕಾಣಲೆಂದು ನಿಧಾನವಾಗಿ ಮಾತಾಡಿದಳು.

"ನಿಂಗೆ ಕಿವಿ ಕೇಳ್ಸಲ್ಲ ಅಂತ ನಂಗೆ ಆಗ್ಲೇ ಗೊತ್ತಿತ್ತು ಕಣೇ. ಆ ಹೊಗೇಲಿ, ಆ ಬಿಸೀಲಿ ನಾನು ಯಾಕೆ ಕೂರ್ತಿದ್ದೆ ಅಂದ್ಕೊಂಡೆ? ಏನಾರ ಆದ್ರೆ ನಿಂಗೆ ಕೈ ತೋರ್ಸಾಕೆ. ನಿನ್ನ ಕಿವಿ ನಾನಾಗಿದ್ದೆ."

ಪಿಳ್ಳಮ್ಮನ ಕೈ ಕೆಚ್ಚಲಿನ ಮೇಲೇ ನಿಂತಿತು.

"ನನ್ನ ಹಲಗೆ ಕಿತ್ತಾಗ ನೀನು ಒಂದು ಮಾತು ಆಡ್ಲಿಲ್ಲ. ನಂಗೆ ಹೇಳಿದ್ರೆ ಸಾಕಾಗಿತ್ತು, ಮಾರಿ, ಹಿಂಗಾಗೈತೆ ಅಂತ. ತಮ್ಮಂಗೆ ಬ್ಯಾಡ, ಊರಿಗೆ ಬ್ಯಾಡ. ನಂಗೆ. ಅಷ್ಟೂ ನಂಬಿಕೆ ಇರ್ಲಿಲ್ವಾ?"

ನಾಳೆಯಿಂದ ಬರಬೇಡ ಅಂದಳು ಮಾರಕ್ಕ. ಹಸುಗಳನ್ನು ಮಾಲೂರು ಕಡೆಯವನೊಬ್ಬ ನೋಡಿಕೊಂಡು ಹೋಗಿದ್ದ. ಮರುದಿನ ಟೆಂಪೋ ಬಂದು ಆರನ್ನೂ ಹತ್ತಿಸಿಕೊಂಡು ಹೋಯಿತು. ಪಿಳ್ಳಮ್ಮ ಬೀದಿಯ ತುದಿಯಲ್ಲಿ ನಿಂತು ನೋಡಿದಳು. ಮಾರಕ್ಕ ಎಡಗೈಯಲ್ಲಿ ಕೊನೆಯ ಹಸುವಿನ ಬೆನ್ನು ಸವರಿ ಒಳಗೆ ಹೋದಳು.

ಗಾಳಿ ಎಂಜಿನ್ನನ್ನು ನವೀನ ಗುಜರಿಗೆ ಹಾಕಿದ. ಅದೇ ದೋಣಿಗೆ ನೀಲಿ ಬಣ್ಣ ಬಳಿದು, ಲೇಔಟಿನವರು ತರಿಸಿಕೊಟ್ಟ ಬ್ಯಾಟರಿ ಮೋಟರು ಹಾಕಿಸಿದ್ದಾನೆ. ಈಗ ಅದು ಹಾಲು ಸಾಗಿಸುವುದಿಲ್ಲ. ಭಾನುವಾರ ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟ ಮಕ್ಕಳನ್ನು ಕೂರಿಸಿಕೊಂಡು ಒಂದು ಸುತ್ತು ಹಾಕಿ ಬರುತ್ತದೆ. ಊರಿನ ಹೆಂಗಸರು ಮತ್ತೆ ಕಟ್ಟೆ ಬಳಸಿ ನಡೆಯುತ್ತಾರೆ. ಅರ್ಧ ಜನ ಹಸು ಮಾರಿದ್ದಾರೆ.

ಪಿಳ್ಳಮ್ಮ ತಮ್ಮನ ಮನೆ ಬಿಟ್ಟು ಊರಾಚೆ ಶೀಟಿನ ಒಂದು ರೂಮು ಹಿಡಿದಿದ್ದಾಳೆ, ಗುಲಾಬಿ ತೋಟಕ್ಕೆ ಹೂ ಬಿಡಿಸಲು ಹೋಗುತ್ತಾಳೆ. ಹೋದ ತಿಂಗಳು ನವೀನ ಒಂದು ಸಣ್ಣ ಡಬ್ಬಿ ಹಿಡಿದು ಅಲ್ಲಿಗೆ ಬಂದಿದ್ದ. ಅದರೊಳಗೆ ಕಿವಿಗೆ ಹಾಕುವ ಮಿಷನ್ನು. ಲೇಔಟಿನವರೆಲ್ಲ ಸೇರಿ ಕೊಡಿಸಿದ್ದಾರೆ ಅಕ್ಕ, ಹಾಕ್ಕೊ, ಎಲ್ಲ ಕೇಳ್ತದೆ ಅಂದ.

"ಪೆಟ್ಟಿಗೆ ಹಾಕ್ಸಿದ್ದು ನಾನೇ, ಅಕ್ಕ ಬ್ಯಾಡ ಅಂದಿದ್ಲು ಅಂತ ಮಾರಕ್ಕನ ಮುಂದೆ ಹೋಗಿ ಹೇಳ್ತೀಯಾ?" ಅಂತ ಕೇಳಿದಳು ಪಿಳ್ಳಮ್ಮ.

ನವೀನ ಮುಖ ಆ ಕಡೆಗೆ ತಿರುಗಿಸಿಕೊಂಡು ಏನೋ ಹೇಳಿದ. ತುಟಿ ಕಾಣಲಿಲ್ಲ. ಅವಳು ಡಬ್ಬಿಯನ್ನು ಮುಚ್ಚಿ ಅವನ ಸ್ಕೂಟರಿನ ಸೀಟಿನ ಮೇಲೆ ಇಟ್ಟಳು. ಹೂವಿನ ಮುಳ್ಳು ಚುಚ್ಚಿದ ಬೆರಳುಗಳಿಗೆ ಅರಿಶಿನ ಹಚ್ಚಿಕೊಳ್ಳಲು ಒಳಗೆ ಹೋದಳು.